ನಾನು ಹೋಗದ ಒಸಾಕಾದ ಓಣಿ

ಇಂಥ ಕಥೆ ಹೇಳುವವರ ಕಾಲೆಳೆಯುವುದರಲ್ಲಿ ನಾನು ಯಾವತ್ತೂ ಮುಂದೆ. ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಐದು ಜನ ಇದ್ದೇವೆ, ಐವರೂ ಮಂಗಳೂರಿನ ಸುತ್ತಮುತ್ತಲಿನವರು. ರಜೆಯ ಹಿಂದಿನ ಸಂಜೆ ಊಟಕ್ಕೆ ಕುಳಿತಾಗ ಒಬ್ಬರಲ್ಲ ಒಬ್ಬರು ಶುರು ಮಾಡುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿಗೆ ಕೈ ತೋರಿಸಿದ ಹೆಂಗಸು ಹತ್ತಿ ಕುಳಿತು ಮುಂದಿನ ತಿರುವಿನಲ್ಲಿ ಮಾಯವಾದಳಂತೆ. "ಟಿಕೆಟ್ ತಗೊಂಡಿದ್ಳಾ?" ಎಂದು ನಾನು ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಕಥೆ ಹೇಳಿದವನ ಮುಖ ಸಪ್ಪಗಾಗುತ್ತಿತ್ತು. ಹಾಗಾಗಿ ನನ್ನನ್ನು ನಂಬಿ ಎಂದು ನಿಮ್ಮನ್ನು ಕೇಳಲು ನನಗೆ ಮುಖವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಮಿಕ್ಕಿದ್ದು ನಿಮಗೆ ಬಿಟ್ಟದ್ದು.

ಮಿರ್ಕಾಬಿನ ಒಂದು ಟ್ರಾವೆಲ್ ಆಫೀಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಟಿಕೆಟ್, ವೀಸಾ, ಹೋಟೆಲ್ ಮಾಡಿಸುವುದರ ಜೊತೆಗೆ ಯಾವ ದಿನ ಏನೇನು ನೋಡಬೇಕು, ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕು ಎಂಬ ಪಟ್ಟಿಯನ್ನೂ ಬರೆದು ಕೊಡುತ್ತೇನೆ. ನಾನು ಕಣ್ಣಾರೆ ಕಂಡ ದೇಶಗಳು ಎರಡೇ, ಇಂಡಿಯಾ ಮತ್ತು ಕುವೈತ್. ಆದರೂ ಪ್ಯಾರಿಸ್ಸಿನಲ್ಲಿ ಯಾವ ಸೇತುವೆಯ ಪಕ್ಕ ಟಾಯ್ಲೆಟ್ ಇದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಊರೂರಿನ ಬೀದಿಗಳ ಫೋಟೊ ಇರುತ್ತದಲ್ಲ, ಬಾಣದ ಗುರುತು ಒತ್ತಿದರೆ ಹತ್ತು ಹೆಜ್ಜೆ ಮುಂದಕ್ಕೆ ಹೋಗುವಂಥದ್ದು, ಅದರಲ್ಲಿ ನಾನು ನಡೆಯುತ್ತೇನೆ. ವಯಸ್ಸಾದವರು ಜೊತೆಗಿದ್ದರೆ ಇಡೀ ದಾರಿಯನ್ನು ಹಾಗೆ ನಡೆದು ನೋಡುತ್ತೇನೆ. ಮೆಟ್ಟಿಲು ಎಷ್ಟಿವೆ, ಕೂರಲು ಬೆಂಚು ಎಲ್ಲಿದೆ, ರಸ್ತೆ ದಾಟುವುದು ಸುಲಭವೋ ಕಷ್ಟವೋ ಎಲ್ಲ ಬರೆದಿಡುತ್ತೇನೆ. ಮತ್ತೆ ಮುದುಕರಿಗೆಂದೇ ಒಂದು ಕಾರ್ಡ್ ಮಾಡಿಸುತ್ತೇನೆ. ಆ ದೇಶದ ಭಾಷೆಯಲ್ಲಿ ಅವರ ಹೆಸರು, ಹೋಟೆಲಿನ ವಿಳಾಸ, ಮನೆಯವರ ನಂಬರು. ಕೊರಳಿಗೆ ಹಾಕಿಕೊಳ್ಳಲು ದಾರ. ಈ ಪದ್ಧತಿ ನಾನೇ ಶುರು ಮಾಡಿದ್ದು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ನನ್ನ ಅಮ್ಮ ಊರಿನಲ್ಲಿ ತೀರಿಕೊಂಡರು. ಆಗ ನಮ್ಮ ಆಫೀಸು ಕೈ ಬದಲಾಗಿ ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ಹೊಸ ಕಫೀಲನ, ಅಂದರೆ ಹೊಸ ಮಾಲೀಕನ ಹೆಸರಿಗೆ ವರ್ಗವಾಗುತ್ತಿತ್ತು. ಕಾಗದ ಅರ್ಧಕ್ಕೆ ನಿಂತಿರುವಾಗ ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಕಷ್ಟ ಎಂದು ಆಫೀಸಿನವರು ಹೇಳಿದರು. ಊರಿಗೆಲ್ಲ ಟಿಕೆಟ್ ಮಾಡಿಕೊಡುವ ನಾನು ನನಗೊಂದು ಟಿಕೆಟ್ ಮಾಡಿಕೊಳ್ಳಲಿಲ್ಲ. ಫೋನನ್ನು ಕೀಬೋರ್ಡಿಗೆ ಒರಗಿಸಿಟ್ಟು, ಆಫೀಸಿನ ಕುರ್ಚಿಯಲ್ಲೇ ಕುಳಿತು ಅಮ್ಮನ ಚಿತೆಗೆ ಬೆಂಕಿ ಇಡುವುದನ್ನು ನೋಡಿದೆ. ನಡುವೆ ಎರಡು ಸಲ ಲೈನ್ ಕಟ್ಟಾಯಿತು. ಮುಗಿದ ಮೇಲೆ ಒಬ್ಬರಿಗೆ ಕೋಯಿಕ್ಕೋಡಿನ ಟಿಕೆಟ್ ಮಾಡಿಕೊಟ್ಟೆ, ಹೆಸರಿನ ಸ್ಪೆಲಿಂಗ್ ಕೂಡ ತಪ್ಪಲಿಲ್ಲ.

ಅಳು ಬರಲಿಲ್ಲ. ಇವತ್ತು ಬಾರದಿದ್ದರೆ ನಾಳೆ ಬಂದೀತು ಎಂದುಕೊಂಡೆ. ಉತ್ತರಕ್ರಿಯೆಯ ಬೊಜ್ಜದ ದಿನವೂ ಬರಲಿಲ್ಲ. ಆಮೇಲಾಮೇಲೆ ಬೇರೆ ಯಾವುದೂ ಬರುವುದು ನಿಂತುಹೋಯಿತು. ಹಸಿವೆ ಇಲ್ಲದಿದ್ದರೂ ಊಟದ ಹೊತ್ತಿಗೆ ಉಣ್ಣುತ್ತಿದ್ದೆ, ಬೇರೆಯವರು ನಕ್ಕಾಗ ನಗುತ್ತಿದ್ದೆ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು. ರೂಮಿನವರಿಗೆ ಇದೇನೂ ಗೊತ್ತಾಗಲಿಲ್ಲ. ಹುಡುಗ ಗಟ್ಟಿ ಇದ್ದಾನೆ ಎಂದು ಮಾತಾಡಿಕೊಂಡರು.

ಡಿಸೆಂಬರಿನಲ್ಲಿ ಶಾಲಿನಿ ಎಂಬವರು ಫೋನ್ ಮಾಡಿದರು. ಬಂಟ್ವಾಳದ ಕಡೆಯವರು, ಗಂಡ ಪ್ರವೀಣ್ ಮತ್ತು ಇಬ್ಬರು ಮಕ್ಕಳೊಂದಿಗೆ ರುಮೈಥಿಯಾದಲ್ಲಿ ಮನೆ. ಶಾಲೆಯ ರಜೆಯಲ್ಲಿ ಜಪಾನಿಗೆ ಹೋಗಬೇಕೆಂದು ಮಕ್ಕಳ ಹಟ. ಶಾಲಿನಿಯ ಅಪ್ಪ ಸಂಜೀವಜ್ಜ ಆರು ವರ್ಷದಿಂದ ಅವರ ಜೊತೆಗೇ ಇದ್ದಾರೆ, ಅವರನ್ನು ಒಬ್ಬರೇ ಬಿಟ್ಟು ಹೋಗುವ ಹಾಗಿಲ್ಲ. ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಇತ್ತೀಚೆಗೆ ಸಣ್ಣ ಮರೆವೂ ಶುರುವಾಗಿತ್ತು.

"ಅಪ್ಪ ಊರಲ್ಲಿ ಬಸ್ಸಿನ ಕಂಡಕ್ಟರ್ ಆಗಿದ್ದವರು ಅಣ್ಣ, ಕೂತು ಗೊತ್ತೇ ಇಲ್ಲ ಅವರಿಗೆ," ಎಂದರು ಶಾಲಿನಿ. "ಇಲ್ಲಿ ಫ್ಲ್ಯಾಟಲ್ಲಿ ಕೂತು ಕೂತು ಸೋತು ಹೋಗಿದ್ದಾರೆ. ಒಂದು ದಿನ ಆದ್ರೂ ಅವರಿಗೆ ನಡೀಲಿಕ್ಕೆ ಆಗುವ ಹಾಗೆ ಮಾಡಿ."

ಮಾಡಿದೆ. ಒಸಾಕಾದ ಎರಡನೆಯ ದಿನ ಬೆಳಿಗ್ಗೆ ಕೋಟೆ, ಮಧ್ಯಾಹ್ನದ ಊಟ, ಆಮೇಲೆ ಒಂದು ಪುರಾತನ ಬೌದ್ಧ ದೇವಸ್ಥಾನ. ಅಲ್ಲಿಂದ ಪಶ್ಚಿಮಕ್ಕೆ ಊರಿನ ಹಳೆಯ ಕಬ್ಬಿಣದ ಗೋಪುರದವರೆಗೆ ನಡಿಗೆ. ದೇವಸ್ಥಾನದ ಬಾಗಿಲಿನಿಂದ ದೊಡ್ಡ ರಸ್ತೆ ದಾಟಿದರೆ ಕಲ್ಲು ಹಾಸಿದ ಒಂದು ಇಳಿಜಾರು ಓಣಿ ಸಿಗುತ್ತದೆ, ಎರಡೂ ಬದಿ ಸಣ್ಣ ಸಣ್ಣ ಗುಡಿಗಳ ಮಣ್ಣುಬಣ್ಣದ ಗೋಡೆ. ಸ್ಕ್ರೀನಿನಲ್ಲಿ ನಾನೇ ಇಳಿದು ನೋಡಿದೆ. ವಾಹನ ಇಲ್ಲ, ಗದ್ದಲ ಇಲ್ಲ, ಅಜ್ಜನಿಗೆ ಹೇಳಿ ಮಾಡಿಸಿದ ದಾರಿ. "ಇಪ್ಪತ್ತೈದು ನಿಮಿಷ, ಆರಾಮವಾಗಿ" ಎಂದು ಬರೆದೆ. ಕಾಗದಗಳ ಲಕೋಟೆಯನ್ನು ಒಂದು ಸಂಜೆ ರುಮೈಥಿಯಾಕ್ಕೆ ಹೋಗಿ, ಅವರ ಕಟ್ಟಡದ ಕೆಳಗೆ ನಿಂತು ಪ್ರವೀಣರ ಕೈಗೆ ಕೊಟ್ಟು ಬಂದೆ. ಅಜ್ಜನನ್ನು ನಾನು ನೋಡಲಿಲ್ಲ.

ಅವರು ಹೋಗಿ ನಾಲ್ಕನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು, ಶಾಲಿನಿಯ ಫೋನ್ ಬಂತು. ಒಸಾಕಾ ನಮಗಿಂತ ಆರು ಗಂಟೆ ಮುಂದೆ, ಅಲ್ಲಿ ಕತ್ತಲೆ ಆಗುವ ಹೊತ್ತು.

"ಅಪ್ಪ ಕಾಣುದಿಲ್ಲ ಅಣ್ಣ," ಎಂದರು. ಏದುಸಿರು ಬಿಡುತ್ತಿದ್ದರು. "ಗೋಪುರದ ಹತ್ರ ಬಂದು ತಿರುಗಿ ನೋಡಿದ್ರೆ ಅಪ್ಪ ಇಲ್ಲ. ಒಂದು ಗಂಟೆ ಆಯ್ತು. ಪ್ರವೀಣ್ ಎರಡು ಸರ್ತಿ ದೇವಸ್ಥಾನದವರೆಗೆ ಹೋಗಿ ಬಂದ್ರು. ಪೊಲೀಸಿನವರಿಗೆ ಹೇಳಿದ್ದೇವೆ, ಅವರಿಗೆ ನಮ್ಮ ಇಂಗ್ಲಿಷ್ ಅರ್ಥ ಆಗುದಿಲ್ಲ. ಇಲ್ಲಿ ಚಳಿ ಉಂಟಲ್ಲ, ತಡ್ಕೊಳ್ಳಲಿಕ್ಕೆ ಆಗುದಿಲ್ಲ. ಅಪ್ಪನ ಫೋನ್ ಹೋಟೆಲಲ್ಲೇ ಉಂಟು. ಇನ್ಸುಲಿನ್ ತಗೊಂಡಿದ್ದಾರೆ, ಮಧ್ಯಾಹ್ನ ಸರಿ ಊಟ ಮಾಡ್ಲಿಲ್ಲ."

ಹಿಂದಿನಿಂದ ಮಗುವೊಂದು "ಅಜ್ಜ ವಾಸ್ ರೈಟ್ ಬಿಹೈಂಡ್ ಮೀ" ಎಂದು ಮತ್ತೆ ಮತ್ತೆ ಹೇಳುತ್ತ ಅಳುವುದು ಕೇಳುತ್ತಿತ್ತು.

"ಕೊರಳಲ್ಲಿ ಕಾರ್ಡ್ ಉಂಟಲ್ಲ?" ಎಂದೆ.

"ಯಾವ ಕಾರ್ಡ್?"

ನಾನು ಮೇಜಿನ ಡ್ರಾಯರ್ ಎಳೆದೆ. ಕಾರ್ಡ್ ಅಲ್ಲೇ ಇತ್ತು, ಜಪಾನಿ ಅಕ್ಷರದಲ್ಲಿ ಸಂಜೀವಜ್ಜನ ಹೆಸರು, ದಾರ ಕಟ್ಟಿದ ಹಾಗೆಯೇ. ಅಚ್ಚು ಹಾಕಿಸಿ, ದಾರ ಕಟ್ಟಿ, ಲಕೋಟೆಗೆ ಹಾಕದೆ ಬಿಟ್ಟಿದ್ದೆ. ಈ ಹನ್ನೊಂದು ವರ್ಷದಲ್ಲಿ ಬೇರೆ ಯಾವತ್ತೂ ಮಾಡದ ತಪ್ಪು. ಶಾಲಿನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಇದನ್ನು ಓದುತ್ತಿರುವ ನಿಮಗೇ ಮೊದಲು ಹೇಳುತ್ತಿರುವುದು.

ಭಯವಾಯಿತೇ ಎಂದು ಕೇಳಿದರೆ, ಇಲ್ಲ. ಆ ಮುದುಕರು ಇವತ್ತು ರಾತ್ರಿ ಸತ್ತರೆ ಅದು ನನ್ನಿಂದ ಎಂಬುದು ಲೆಕ್ಕದ ಹಾಗೆ ಮನಸ್ಸಿಗೆ ಹೊಳೆಯಿತು, ಆದರೆ ಎಲ್ಲಿಯೂ ತಾಗಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಗಬೇಕಿತ್ತು, ಅದೂ ಆಗಲಿಲ್ಲ. ಕೈ ತನ್ನಷ್ಟಕ್ಕೆ ಕಂಪ್ಯೂಟರಿನಲ್ಲಿ ಒಸಾಕಾದ ಆ ಬೀದಿಯನ್ನು ತೆರೆಯಿತು. "ಲೈನಲ್ಲೇ ಇರಿ," ಎಂದೆ ಶಾಲಿನಿಗೆ.

ದೇವಸ್ಥಾನದ ಬಾಗಿಲಿನಿಂದ ಹೊರಟೆ. ದೊಡ್ಡ ರಸ್ತೆ ದಾಟಿದೆ. ಇಳಿಜಾರಿನಲ್ಲಿ ಬಾಣ ಒತ್ತುತ್ತ ಇಳಿದೆ. ಎರಡನೆಯ ಗೋಡೆ ಮುಗಿದ ಕಡೆ ಎಡಕ್ಕೆ ಒಂದು ಸಂದಿ ಇತ್ತು. ಮೊದಲ ಸಲ ಬಂದಾಗ ಅದನ್ನು ನಾನು ಗಮನಿಸಿರಲಿಲ್ಲ, ಒಬ್ಬ ಮನುಷ್ಯ ಕೊಡೆ ಬಿಡಿಸಿ ಹೋಗುವಷ್ಟೂ ಅಗಲ ಇರಲಿಲ್ಲ. ಒಳಗೆ ಹೋದೆ. ಸಂದಿಯ ಕೊನೆಯಲ್ಲಿ ತಗಡಿನ ಸಣ್ಣ ಮಾಡು, ಅದರ ಅಡಿಯಲ್ಲಿ ಮೊಳದುದ್ದದ ಮೂರು ಕಲ್ಲಿನ ಮೂರ್ತಿಗಳು, ಕೊರಳಿಗೆ ಕೆಂಪು ಬಟ್ಟೆ. ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬರು ಮುದುಕರು ಕುಳಿತಿದ್ದರು. ಬೂದು ಬಣ್ಣದ ಸ್ವೆಟರ್, ತಲೆಗೆ ಕಂದು ಮಂಕಿಟೋಪಿ, ಬರಿಗಾಲು. ಶೂಗಳನ್ನು ಸಂದಿಯ ಅಂಚಿಗೆ ಜೋಡಿಸಿ ಬಿಟ್ಟಿದ್ದರು, ಒಳಗೆ ಮಡಚಿಟ್ಟ ಕಾಲುಚೀಲ. ಅಂಥ ಫೋಟೊಗಳಲ್ಲಿ ಜನರ ಮುಖವನ್ನು ಮಸುಕು ಮಾಡಿರುತ್ತಾರೆ, ಇವರ ಮುಖವೂ ಮಸುಕಾಗಿತ್ತು. ಪಕ್ಕದ ಕಂಬದ ದೀಪ ಹತ್ತಿತ್ತು.

"ಇಲ್ಲೇ ಇದ್ದಾರೆ," ಎಂದೆ. "ದೇವಸ್ಥಾನದ ಕಡೆಯಿಂದ ಓಣಿ ಇಳೀರಿ, ಎರಡನೇ ಗೋಡೆ ಮುಗಿದ ಕೂಡಲೆ ಎಡಗಡೆ ಒಂದು ಸಂದಿ ಉಂಟು. ಒಳಗೆ ಕೆಂಪು ಬಟ್ಟೆ ಕಟ್ಟಿದ ಕಲ್ಲುಗಳು. ಅಲ್ಲಿ ಕೂತಿದ್ದಾರೆ. ಓಡಿ."

ಶಾಲಿನಿ ಏನೂ ಕೇಳಲಿಲ್ಲ, ಫೋನ್ ಇಟ್ಟರು.

ಆ ಫೋಟೊಗಳು ಎಂದೋ ತೆಗೆದಿಟ್ಟವು, ಈ ಗಳಿಗೆಯ ಚಿತ್ರ ಅದರಲ್ಲಿ ಬರುವುದಿಲ್ಲ. ಇದು ನನ್ನ ಹೊಟ್ಟೆಪಾಡಿನ ಕೆಲಸ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಹೊತ್ತಿಗೆ ಅದು ನೆನಪೇ ಆಗಲಿಲ್ಲ. ನಾನು ಕಣ್ಣು ತೆಗೆದರೆ ಅಜ್ಜ ಎದ್ದು ಎಲ್ಲಿಗಾದರೂ ಹೋಗಿಬಿಡುತ್ತಾರೆ ಎನಿಸಿ ಸ್ಕ್ರೀನನ್ನೇ ನೋಡುತ್ತ ಕುಳಿತೆ. ಎರಡು ಮೂರು ನಿಮಿಷ ಕುಳಿತಿದ್ದೆ ಎಂದು ನನ್ನ ಲೆಕ್ಕ. ಆಮೇಲೆ ಫೋನ್ ಬಡಿದುಕೊಂಡಿತು.

"ಸಿಕ್ಕಿದ್ರು ಅಣ್ಣ," ಎಂದು ಶಾಲಿನಿ ಜೋರಾಗಿ ಅಳುತ್ತಿದ್ದರು. "ನೀವು ಹೇಳಿದಲ್ಲೇ ಇದ್ರು. ಏನೂ ಆಗ್ಲಿಲ್ಲ, ಕೈ ತಣ್ಣಗಾಗಿದೆ ಅಷ್ಟೆ. ಎಂತ ಮಾಡಿದ್ರಿ ಅಂತ ಕೇಳಿದ್ರೆ, ಕಲ್ಲಿಗೆ ಕೆಂಪು ಪಟ್ಟೆ ಉಡಿಸಿದ್ದಾರೆ, ಇದು ನಮ್ಮ ದೈವದ ಕಲ್ಲಿನ ಹಾಗೆಯೇ ಉಂಟು ಅಂತ ಶೂ ತೆಗೆದು ಕೈ ಮುಗಿದ್ರಂತೆ. ಪ್ರಸಾದ ಸಿಗದೆ ಎದ್ದು ಬರ್ಲಿಕ್ಕುಂಟಾ ಅಂತ ಕೂತ್ಕೊಂಡ್ರಂತೆ!"

ಅತ್ತುಕೊಂಡೇ ನಕ್ಕರು. ನಾನೂ ನಕ್ಕೆ. ನಮ್ಮ ಕಡೆಯವರು ಕೆಂಪು ಬಟ್ಟೆ ಸುತ್ತಿದ ಕಲ್ಲು ಕಂಡರೆ ಯಾವ ದೇಶ ಎಂದು ನೋಡುತ್ತಾರೆಯೇ? ಗಡಿಯಾರ ನೋಡಿದಾಗ ಹನ್ನೊಂದೂವರೆ ಆಗಿತ್ತು.

ನನ್ನ ಪಕ್ಕದ ಮೇಜು ಹಮೀದ್ ಭಾಯಿಯದ್ದು. ವಿಟ್ಲದ ಬ್ಯಾರಿ, ಆಫೀಸಿನಲ್ಲಿ ನನಗಿಂತ ಹಳಬರು. "ಎಂತ ಮಾರಾಯ ನಿನ್ನ ಕಥೆ?" ಎಂದರು. "ನಾನು ಎರಡು ಸರ್ತಿ ಕರೆದೆ. ಅರ್ಧ ಗಂಟೆಯಿಂದ ಆ ಗೋಡೆ ನೋಡ್ತಾ ಕೂತಿದ್ದಿಯಲ್ಲ."

ಗೋಡೆ ಎಂದದ್ದು ಕೇಳಿ ನಾನು ಸ್ಕ್ರೀನಿಗೆ ತಿರುಗಿದೆ. ಸಂದಿಯ ಕೊನೆಯಲ್ಲಿ ಮೂರ್ತಿಗಳಿದ್ದವು, ತಗಡಿನ ಮಾಡಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೇಸಗೆಯ ಬಿಸಿಲು ಬಿದ್ದಿತ್ತು, ದೀಪ ಹತ್ತಿರಲಿಲ್ಲ. ಮೂಲೆಯಲ್ಲಿದ್ದ ತಾರೀಕು ಐದು ವರ್ಷ ಹಿಂದಿನದು. ಹಿಂದಕ್ಕೆ ಹೋಗಿ ಮತ್ತೆ ಬಂದೆ, ಬೇರೆ ವರ್ಷದ ಫೋಟೊ ಇದೆಯೇ ಎಂದು ಹುಡುಕಿದೆ. ಆ ಸಂದಿಗೆ ಇದ್ದದ್ದು ಅದೊಂದೇ.

ಇಲ್ಲಿಯವರೆಗಿನದಕ್ಕೆ ನನ್ನ ಹತ್ತಿರ ಉತ್ತರ ಇದೆ, ನೀವೂ ಆಗಲೇ ಯೋಚಿಸಿರಬಹುದು. ಕೆಂಪು ಬಟ್ಟೆಯ ಕಲ್ಲುಗಳನ್ನು ಕಂಡಾಗ, ತುಳುನಾಡಿನ ಮುದುಕರು ಇಲ್ಲಿ ನಿಲ್ಲದೆ ಮುಂದೆ ಹೋಗಲಾರರು ಎಂದು ನನ್ನ ಒಳಮನಸ್ಸಿಗೆ ಹೊಳೆದಿರಬಹುದು. ಸ್ವೆಟರು, ಟೋಪಿಯ ಗುರುತನ್ನು ಶಾಲಿನಿಯೇ ಮಾತಿನ ನಡುವೆ ಹೇಳಿರಬಹುದು, ಗಡಿಬಿಡಿಯಲ್ಲಿ ನನಗೆ ಮರೆತಿರಬಹುದು. ಮನಸ್ಸಿನಲ್ಲಿದ್ದ ಅಜ್ಜನನ್ನು ಕಣ್ಣು ತಂದು ಮೆಟ್ಟಿಲ ಮೇಲೆ ಕೂರಿಸಿತು. ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಮಾಡದವನ ಕಣ್ಣು ಏನೇನು ಮಾಡುವುದಿಲ್ಲ? ಹೀಗೆಂದುಕೊಂಡು ನಾನು ಅದನ್ನು ಅಲ್ಲಿಗೇ ಖಲಾಸ್ ಮಾಡಿದ್ದೆ. ರೂಮಿನವರಿಗೂ ಹೇಳಲಿಲ್ಲ. ಹೇಳಿದ್ದರೆ ಟಿಕೆಟಿನ ಪ್ರಶ್ನೆ ಈ ಸಲ ನನಗೇ ಬರುತ್ತಿತ್ತು.

ಒಂದು ತಿಂಗಳು ಕಳೆದ ಮೇಲೆ, ಶಾಲಿನಿ ಅಪ್ಪನನ್ನು ಕರೆದುಕೊಂಡು ಆಫೀಸಿಗೆ ಬಂದರು. ದಾರಿ ಹೇಳಿದವನನ್ನು ನೋಡಬೇಕು ಎಂದು ಅಜ್ಜ ಹಟ ಹಿಡಿದಿದ್ದರಂತೆ. ಶಾಲಿನಿ ಮಕ್ಕಳ ಪಾಸ್‌ಪೋರ್ಟ್ ನವೀಕರಣದ ವಿಷಯಕ್ಕೆ ಹಮೀದ್ ಭಾಯಿಯ ಮೇಜಿಗೆ ಹೋದರು. ಅಜ್ಜ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. ತೆಳ್ಳಗಿನ ಮನುಷ್ಯ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿದ್ದರು. ನನ್ನನ್ನು ನೋಡಿ ಪರಿಚಯದವರ ಹಾಗೆ ತಲೆಯಾಡಿಸಿದರು. ಕಾರ್ಡಿನ ವಿಷಯ ಅವರೊಬ್ಬರಿಗಾದರೂ ಹೇಳಿ ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಅವರೇ ಮಾತು ಶುರು ಮಾಡಿದರು. ತುಳುವಿನಲ್ಲಿ ಆಡಿದ್ದು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವತ್ತು ನೀನು ಇದ್ದದ್ದು ಒಳ್ಳೆದಾಯ್ತು ಮಗಾ. ಇಲ್ಲದಿದ್ರೆ ನಾನು ಎದ್ದು ಎಲ್ಲಿಗಾದ್ರೂ ಹೋಗ್ತಿದ್ದೆ."

"ಫೋನಲ್ಲಿ ದಾರಿ ಹೇಳಿದೆ ಅಷ್ಟೆ ಅಜ್ಜ," ಎಂದೆ.

"ಫೋನಲ್ಲ ಮಾರಾಯ," ಎಂದು ಕೈ ಬೀಸಿದರು. "ಅಲ್ಲಿ ಗೋಡೆಗೆ ಒರಗಿ ನಿಂತಿದ್ದಿಯಲ್ಲ. ಅಬ್ಬ, ಎಷ್ಟು ಅತ್ತಿ ನೀನು ಮಗಾ! ಎಂತ ಆಯ್ತು ಅಂತ ಕೇಳಿದೆ. ಅಮ್ಮ ಹೋದ್ರು ಅಂದಿ. ಇಷ್ಟು ಅಳುವವನನ್ನು ಒಬ್ಬನೇ ಬಿಟ್ಟು ಹೇಗೆ ಹೋಗುದು ಅಂತ ನಾನು ಅಲ್ಲೇ ಕೂತೆ. ಪ್ರಸಾದ ಅಂತ ಇವರಿಗೆ ಹೇಳಿದ್ದು ಸುಮ್ಮನೆ. ಗಂಡಸು ಅತ್ತದ್ದನ್ನು ನಾಲ್ಕು ಜನರ ಎದುರು ಹೇಳ್ಲಿಕ್ಕಾಗ್ತದಾ?"

ಆಗಲೂ ನನಗೆ ಎಲ್ಲಿಯೂ ಏನೂ ತಾಗಲಿಲ್ಲ. ಅಜ್ಜನ ಮರೆವಿನ ಕಾಯಿಲೆ ನೆನಪಾಯಿತು. ಲಕೋಟೆ ಕೊಡಲು ಹೋದ ಸಂಜೆ ಬಾಲ್ಕನಿಯಿಂದ ನನ್ನ ಮುಖ ನೋಡಿರಬಹುದು ಎಂಬುದೂ ಹೊಳೆಯಿತು. ಆದರೆ ಅಮ್ಮನ ವಿಷಯ? ಶಾಲಿನಿಗೆ ನಾನು ಹೇಳಿರಲಿಲ್ಲ. ಅವರು ಹೋದ ಮೇಲೆ ಹಮೀದ್ ಭಾಯಿಯನ್ನು ಕೇಳಿದೆ, ಅವರೂ ಯಾರಿಗೂ ಹೇಳಿರಲಿಲ್ಲ. "ಅವತ್ತು ಕಂಪ್ಯೂಟರ್ ನೋಡ್ತಾ ಕೂತಿದ್ದೆನಲ್ಲ, ನಾನು ಅತ್ತೆನಾ ಹಮೀದ್ ಭಾಯಿ?" ಎಂದೂ ಕೇಳಿದೆ. "ಎಂತ ಅಳುದು? ರೆಪ್ಪೆ ಕೂಡ ಹೊಡೀಲಿಲ್ಲ ನೀನು," ಎಂದರು.

ಅಮ್ಮ ತೀರಿಕೊಂಡು ಈಗ ಎರಡು ವರ್ಷ. ಕಾಗದ ಸರಿಯಾದ ಮೇಲೆ ಊರಿಗೆ ಹೋಗಿ ಬಂದೆ, ಅವರು ಮಲಗುತ್ತಿದ್ದ ಕೋಣೆಯಲ್ಲೇ ಮಲಗಿದೆ. ಅಲ್ಲಿಯೂ ಅಳು ಬರಲಿಲ್ಲ. ಬರುವುದಿದ್ದರೆ ಅದು ಒಸಾಕಾದ ಆ ಓಣಿಯಲ್ಲಿ ಬಂದು ಮುಗಿದುಹೋಯಿತೇ, ನನ್ನ ಪಾಲಿಗೆ ಏನೂ ಉಳಿದಿಲ್ಲವೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ನನಗೇ ನಾಚಿಕೆಯಾಗುತ್ತದೆ. ಟಿಕೆಟ್ ಮಾಡಿಕೊಂಡು ಹೋಗಿ ಆ ಮೆಟ್ಟಿಲನ್ನು ನೋಡಿ ಬರೋಣ ಎಂದು ಎರಡು ಸಲ ಕುಳಿತೆ, ಎರಡು ಸಲವೂ ಎದ್ದೆ.

ಅಜ್ಜ ಬಂದಿದ್ದ ಆ ದಿನ, ಆಫೀಸಿನಿಂದ ಹೊರಡುವಾಗ ಶಾಲಿನಿ ಬಾಗಿಲು ಹಿಡಿದು ಕಾಯುತ್ತಿದ್ದರು. ಅಜ್ಜ ಎದ್ದು ನಿಂತವರು ಹೋಗಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ಕೈ ಇಟ್ಟು, ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಈಗ ಹಗುರ ಆಯ್ತಾ ಮಗಾ?"

"ಆಯ್ತು ಅಜ್ಜ," ಎಂದೆ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.